ಹಂತ ಮೂರಿರಲಿ, ಹೊಣೆ ಒಬ್ಬರದಿರಲಿ

ತಾಲ್ಲೂಕು ಪಂಚಾಯಿತಿ ಬೇಕೇ ಬೇಡವೇ ಎಂಬ ಚರ್ಚೆ ಕರ್ನಾಟಕದಲ್ಲಿ ಆಗಾಗ ಏಳುತ್ತದೆ, ತೀರ್ಮಾನ ಕಾಣದೆ ತಣ್ಣಗಾಗುತ್ತದೆ. 2021ರ ಆರಂಭದಲ್ಲಿ ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಕೆ.ಎಸ್. ಈಶ್ವರಪ್ಪ ಅವರೇ ಈ ಹಂತವನ್ನು ರದ್ದು ಮಾಡುವ ಮಾತನ್ನು ಆಡಿದ್ದರು. ಹಲವು ಶಾಸಕರು ಅದಕ್ಕೆ ದನಿಗೂಡಿಸಿದ್ದರು. ಆದರೆ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ಯಾವ ರಾಜ್ಯವೂ ಮಧ್ಯದ ಹಂತವನ್ನು ಕೈಬಿಡುವಂತಿಲ್ಲ ಎಂದು ಸಂವಿಧಾನದ 243ಬಿ ವಿಧಿ ಹೇಳುತ್ತದೆ. ಅದೇ ವರ್ಷ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆ ಕ್ಷೇತ್ರ ಮರುವಿಂಗಡಣೆಗೆ, ಮೀಸಲಾತಿ ಪಟ್ಟಿಗೆ, ಕೋರ್ಟಿನ ವಿಚಾರಣೆಗೆ ಸಿಲುಕಿ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಕಾನೂನಿನ ಮೂಲಕ ರದ್ದು ಮಾಡಲಾಗದ ಸಂಸ್ಥೆಯನ್ನು ಖಾಲಿ ಬಿಟ್ಟು ಇಲ್ಲವಾಗಿಸುವ ಈ ದಾರಿ ನನ್ನನ್ನು ತೀವ್ರವಾಗಿ ಕಳವಳಗೊಳಿಸುತ್ತದೆ. ಹಂತಗಳು ಎರಡಿರಬೇಕೋ ಮೂರಿರಬೇಕೋ ಎಂಬ ವಾದವೇ ನಮ್ಮನ್ನು ದಾರಿ ತಪ್ಪಿಸಿದೆ ಎಂಬುದು ನನ್ನ ಅಭಿಪ್ರಾಯ. ಯಾವ ಕೆಲಸ ಯಾವ ಹಂತದ್ದು ಎಂದು ಬಿಡಿಸಿ ಹೇಳದೆ, ಆ ಕೆಲಸಕ್ಕೆ ಬೇಕಾದ ನೌಕರರನ್ನೂ ಹಣವನ್ನೂ ಅದೇ ಹಂತದ ಕೈಗೆ ಕೊಡದೆ, ಹಂತಗಳನ್ನು ಕೂಡಿಸಿದರೂ ಕಳೆದರೂ ಹಳ್ಳಿಯ ಬದುಕಿನಲ್ಲಿ ಏನೂ ಬದಲಾಗದು.

ಈ ಗೊಂದಲಕ್ಕೆ ಇತಿಹಾಸವಿದೆ. 1957ರ ಬಲವಂತರಾಯ್ ಮೆಹ್ತಾ ಸಮಿತಿ ಮೂರು ಹಂತಗಳನ್ನು ಶಿಫಾರಸು ಮಾಡಿ, ಮಧ್ಯದ ಹಂತಕ್ಕೇ ಹೆಚ್ಚು ತೂಕ ಕೊಟ್ಟಿತು. ಮೈಸೂರು ರಾಜ್ಯದ 1959ರ ಕಾಯ್ದೆಯಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗೆ ಜೀವವಿತ್ತು, ಜಿಲ್ಲಾ ಅಭಿವೃದ್ಧಿ ಪರಿಷತ್ತು ಸಲಹೆಗಷ್ಟೇ ಸೀಮಿತವಾಗಿತ್ತು. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಇದನ್ನು ತಿರುವಿಹಾಕಿ, ಜಿಲ್ಲೆ ಮತ್ತು ಮಂಡಲ ಎಂಬ ಎರಡೇ ಹಂತ ಸಾಕು ಎಂದಿತು. ರಾಮಕೃಷ್ಣ ಹೆಗಡೆ ಅವರ ಸರ್ಕಾರ, ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಮುತುವರ್ಜಿಯಲ್ಲಿ, 1983ರ ಕಾಯ್ದೆಯನ್ನು ಆ ಅಚ್ಚಿನಲ್ಲೇ ಎರಕ ಹೊಯ್ದಿತು. 1987ರಲ್ಲಿ ಅದು ಜಾರಿಗೆ ಬಂದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಹಿರಿಯ ಐಎಎಸ್ ಅಧಿಕಾರಿ. ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯ ಸಮಿತಿ ಮಾತ್ರ ಇತ್ತು. ಮಂಡಲದ ಅಳತೆಯೂ ಯೋಚಿಸಿ ಇಟ್ಟದ್ದೇ: ಸುಮಾರು 8ರಿಂದ 12 ಸಾವಿರ ಜನ. ಆ ವ್ಯವಸ್ಥೆಯ ಕೊರತೆಗಳ ಪಟ್ಟಿ ಮಾಡಬಹುದು, ಆದರೆ ಜಿಲ್ಲೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಆಗ ಜನರಿಗೆ ತಿಳಿದಿತ್ತು. ಐದು ವರ್ಷದ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಅಷ್ಟರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಕಾಯ್ದೆಯೊಂದಿಗೆ ಮೂರು ಹಂತಗಳು ಮರಳಿದವು. ಮಂಡಲ ಹೋಗಿ, 5ರಿಂದ 7 ಸಾವಿರ ಜನರ ಗ್ರಾಮ ಪಂಚಾಯಿತಿ ಬಂತು. ಶಾಸಕರ ಸಮಿತಿಯ ಜಾಗಕ್ಕೆ ನೇರವಾಗಿ ಚುನಾಯಿತವಾದ ತಾಲ್ಲೂಕು ಪಂಚಾಯಿತಿ ಬಂತು. ಎಂದರೆ, ಕೆಲಸ ಯಾವುದೆಂದು ನಿರ್ಧರಿಸಿ ಅದಕ್ಕೆ ತಕ್ಕ ಹಂತ ಕಟ್ಟಿದ್ದಲ್ಲ. ಸಂವಿಧಾನ ಕೇಳಿತೆಂದು ಹಂತ ಕಟ್ಟಿ, ಆಮೇಲೆ ಕೆಲಸ ಹುಡುಕಿದ್ದು.

ಆ ಹುಡುಕಾಟದ ಗುರುತು ಕಾಯ್ದೆಯ ಕೊನೆಯಲ್ಲಿರುವ ಮೂರು ಅನುಸೂಚಿಗಳಲ್ಲಿ ಕಾಣುತ್ತದೆ. ಸಂವಿಧಾನದ ಹನ್ನೊಂದನೇ ಅನುಸೂಚಿ 29 ವಿಷಯಗಳನ್ನು ಹೆಸರಿಸಿ ಸುಮ್ಮನಾಗುತ್ತದೆ. ಅವುಗಳಲ್ಲಿ ಯಾವುದನ್ನು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು 243ಜಿ ವಿಧಿ ರಾಜ್ಯ ಶಾಸಕಾಂಗಕ್ಕೆ ಬಿಟ್ಟಿದೆ, ಅದೂ ‘ಕೊಡಬಹುದು’ ಎಂಬ ಸಡಿಲ ಮಾತಿನಲ್ಲಿ. ನಮ್ಮ ಕಾಯ್ದೆ ಅವೇ ತಲೆಬರಹಗಳನ್ನು ಮೂರು ಹಂತಗಳಿಗೂ ಹಂಚಿತು. ಕೃಷಿ ಮತ್ತು ತೋಟಗಾರಿಕೆಯ ಉತ್ತೇಜನ, ಅಭಿವೃದ್ಧಿ ಎಂಬುದು ಗ್ರಾಮ ಪಂಚಾಯಿತಿಯ ಪಟ್ಟಿಯಲ್ಲೂ ಇದೆ, ತಾಲ್ಲೂಕು ಪಂಚಾಯಿತಿಯ ಪಟ್ಟಿಯಲ್ಲೂ ಇದೆ. ಪಶುಸಂಗೋಪನೆ, ಮೀನುಗಾರಿಕೆ, ಶಿಕ್ಷಣ, ಆರೋಗ್ಯಕ್ಕೂ ಇದೇ ಗತಿ. ಇಷ್ಟೊಂದು ಒಡೆಯರಿರುವ ಕೃಷಿಯ ಸೇವೆ ನೆಲದ ಮೇಲೆ ಸಿಗುವುದೆಲ್ಲಿ? ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಹೋಬಳಿ ಕಂದಾಯ ಆಡಳಿತದ ಘಟಕ, ಅಲ್ಲಿ ಚುನಾಯಿತ ಸಭೆಯೇ ಇಲ್ಲ. ಬಿತ್ತನೆ ಬೀಜ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ರೈತ ತನ್ನ ಊರಿನ ಸದಸ್ಯರನ್ನು ಕೇಳಬಹುದು, ಆದರೆ ಆ ಸದಸ್ಯರು ಕೇಂದ್ರದ ಅಧಿಕಾರಿಯನ್ನು ಕರೆಸಿ ಕೇಳುವ ಅಧಿಕಾರ ಹೊಂದಿಲ್ಲ. ಪಟ್ಟಿಗಳನ್ನು ಬಿಡಿಸಿ ಹೇಳುವ ಪ್ರಯತ್ನ 2003ರ ಹೊತ್ತಿಗೆ ಚಟುವಟಿಕೆ ನಕ್ಷೆಯ ಹೆಸರಿನಲ್ಲಿ ನಡೆದದ್ದೂ ನಿಜ. ಆ ಕಸರತ್ತಿನ ದೋಷವೆಂದರೆ ಅದು ಚಟುವಟಿಕೆಗಳನ್ನು ಹಂಚಿತು, ಅವನ್ನು ಮಾಡುವ ಇಲಾಖೆಯ ಸಿಬ್ಬಂದಿಯನ್ನು ಇಲಾಖೆಯಲ್ಲೇ ಉಳಿಸಿತು.

ಕುಡಿಯುವ ನೀರಿನ ವಿಷಯ ನೋಡಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಕೊಳವೆಬಾವಿ, ಕಿರು ನೀರು ಸರಬರಾಜು ಘಟಕ, ನೀರು ಬಿಡುವ ನೀರುಗಂಟಿಯ ಸಂಬಳ, ಇವು ಗ್ರಾಮ ಪಂಚಾಯಿತಿಯವು. ಮೋಟರಿನ ವಿದ್ಯುತ್ ಬಿಲ್ಲೂ ಪಂಚಾಯಿತಿಯದೇ. ರಾಜ್ಯ ಕೊಡುವ ಶಾಸನಬದ್ಧ ಅನುದಾನದ ದೊಡ್ಡ ಪಾಲು ಆ ಬಿಲ್ಲಿಗೇ ಹೋಗುತ್ತದೆ. ಆದರೆ ಹೊಳೆಯಿಂದಲೋ ಜಲಾಶಯದಿಂದಲೋ ಹತ್ತಾರು ಹಳ್ಳಿಗೆ ನೀರು ತರುವ ಬಹುಗ್ರಾಮ ಯೋಜನೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದಲ್ಲಿದ್ದ ಈ ಕೆಲಸಕ್ಕೆ 2014ರಲ್ಲಿ ಪ್ರತ್ಯೇಕ ಇಲಾಖೆಯನ್ನೇ ಮಾಡಲಾಯಿತು. 2019ರಿಂದ ಜಲಜೀವನ ಮಿಷನ್ ಬಂದು ಮನೆಮನೆಗೆ ನಲ್ಲಿ ಹಾಕತೊಡಗಿತು. ಕಾಮಗಾರಿ ಇಲಾಖೆಯ ಗುತ್ತಿಗೆದಾರನದು, ಅಗೆದ ಕಾಂಕ್ರೀಟ್ ರಸ್ತೆ ಪಂಚಾಯಿತಿಯದು, ಯೋಜನೆಯ ನಿಯಮದಂತೆ ನಿರ್ವಹಣೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯದು. ಹಸ್ತಾಂತರದ ಹೊತ್ತಿಗೆ ತಕರಾರು ಏಳದಿದ್ದರೆ ಅದೇ ಆಶ್ಚರ್ಯ. 2023ರ ಬೇಸಿಗೆಯಲ್ಲಿ ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಇಂಥ ಸಾವಿನ ಸುದ್ದಿ ಬಂದಾಗಲೆಲ್ಲ ಅಮಾನತಿನ ಮಾತು ಮೊದಲು ಏಳುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಕೆಳಗಿನ ಎಂಜಿನಿಯರ್ ಮೇಲೆ. ಚರಂಡಿಯೊಳಗೆ ಹಾದುಹೋದ ಪೈಪನ್ನು ಬದಲಿಸಲು ಹಣ ಮಂಜೂರು ಮಾಡಬೇಕಾದವರು ಯಾರು, ನೀರಿನ ಮಾದರಿಯನ್ನು ಪರೀಕ್ಷಿಸಿ ಮೂಲ ಮುಚ್ಚಿಸುವ ಅಧಿಕಾರ ಯಾರದು, ಇವಕ್ಕೆ ಒಬ್ಬರನ್ನು ತೋರಿಸಿ ಉತ್ತರಿಸಲು ಆಗುವುದಿಲ್ಲ. ಹೊಣೆ ಹರಡಿಹೋದಾಗ ಶಿಕ್ಷೆ ಮಾತ್ರ ಕೆಳಗೆ ಇಳಿಯುತ್ತದೆ. ಇದು ನ್ಯಾಯವಲ್ಲ, ಮುಂದಿನ ಸಾವನ್ನು ತಡೆಯುವ ದಾರಿಯೂ ಅಲ್ಲ.

ಹಣದ ಲೆಕ್ಕ ಇನ್ನೂ ಮೋಸದ ಚಿತ್ರ ಕೊಡುತ್ತದೆ. ಬಜೆಟ್ಟಿನ ಜೊತೆ ಬರುವ, ಪಂಚಾಯಿತಿಗಳ ಪಾಲನ್ನು ತೋರಿಸುವ ಲಿಂಕ್ ಡಾಕ್ಯುಮೆಂಟ್ ತೆರೆದರೆ ತಾಲ್ಲೂಕು ಪಂಚಾಯಿತಿಗಳಿಗೆ ದೊಡ್ಡ ಮೊತ್ತ ಹರಿಯುವಂತೆ ಕಾಣುತ್ತದೆ. ಅದರಲ್ಲಿ ಬಹುಪಾಲು ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳದಂಥ ಬಾಬ್ತು. ಶಿಕ್ಷಕರ ನೇಮಕಾತಿ, ವರ್ಗಾವಣೆ, ಶಿಸ್ತುಕ್ರಮ ಯಾವುದೂ ಪಂಚಾಯಿತಿಯದಲ್ಲ. ಶಾಲಾ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು ತಾಲ್ಲೂಕು ಪಂಚಾಯಿತಿಯ ಕಚೇರಿಯಲ್ಲಿ ಕೂರುತ್ತಾರೆ, ಆದರೆ ಬಿಸಿಯೂಟದಲ್ಲಿ ಏನಿರಬೇಕು, ಎಷ್ಟಿರಬೇಕು ಎಂಬುದು ಬೆಂಗಳೂರಿನಿಂದ ಬರುತ್ತದೆ. ಹಣ ಖಾತೆಯನ್ನು ಹಾದುಹೋಗುತ್ತದೆ, ತೀರ್ಮಾನ ಹಾದುಹೋಗುವುದಿಲ್ಲ. ಹೀಗೆ ಹಾದುಹೋಗುವ ಹಣವನ್ನೇ ತೋರಿಸಿ ಅಧಿಕಾರ ಕೊಟ್ಟಾಗಿದೆ ಎನ್ನುವುದು ಸರಿಯಲ್ಲ. ಇದಕ್ಕೆ ಕೇಂದ್ರದ ಹಣಕಾಸು ಆಯೋಗಗಳ ಏರಿಳಿತವೂ ಸೇರಿತು. 13ನೇ ಆಯೋಗ ಮೂರೂ ಹಂತಗಳಿಗೆ ಅನುದಾನ ಕೊಟ್ಟಿತು, 2015ರಿಂದ 14ನೇ ಆಯೋಗ ಗ್ರಾಮ ಪಂಚಾಯಿತಿಗೆ ಮಾತ್ರ ಕೊಟ್ಟಿತು, 15ನೇ ಆಯೋಗ ಮತ್ತೆ ಮೂರಕ್ಕೂ ಹಂಚಿತು. ಐದು ವರ್ಷ ಕೈ ಬರಿದಾಗಿದ್ದ ಸಂಸ್ಥೆಗೆ ಕೆಲಸ ಮಾಡುವ ಅಭ್ಯಾಸವೇ ತಪ್ಪಿಹೋದರೆ ಅಚ್ಚರಿಯಿಲ್ಲ.

ಹೊಣೆಯನ್ನು ಸ್ಪಷ್ಟವಾಗಿ ಹಂಚುವುದು ಕಾಗದದ ಕನಸು ಎನ್ನುವವರಿಗೆ 2005ರ ಉದ್ಯೋಗ ಖಾತರಿ ಕಾಯ್ದೆಯನ್ನು (ನರೇಗಾ) ತೋರಿಸಬೇಕು. ನರೇಗಾದ ಅನುಷ್ಠಾನದ ಬಗ್ಗೆ ದೂರುಗಳು ಸಾಕಷ್ಟಿದ್ದವು, ಆದರೆ ಆ ಕಾಯ್ದೆಯನ್ನು ಬರೆದ ರೀತಿ ಮಾದರಿಯಾದದ್ದು. ವೆಚ್ಚದ ಲೆಕ್ಕದಲ್ಲಿ ಕನಿಷ್ಠ ಅರ್ಧದಷ್ಟು ಕಾಮಗಾರಿ ಗ್ರಾಮ ಪಂಚಾಯಿತಿಯದೇ ಆಗಬೇಕೆಂದು ಅದು ಅಂಕಿಯಲ್ಲೇ ಹೇಳಿತು. ಬ್ಲಾಕ್ ಮಟ್ಟಕ್ಕೊಬ್ಬ ಕಾರ್ಯಕ್ರಮ ಅಧಿಕಾರಿ, ಜಿಲ್ಲೆಗೊಬ್ಬ ಸಂಯೋಜಕ, ಸಾಮಾಜಿಕ ಪರಿಶೋಧನೆ ಗ್ರಾಮಸಭೆಯದು. 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಕೆಲಸ ಕೇಳಿ ಅರ್ಜಿ ಕೊಟ್ಟ ಕೂಲಿಕಾರ ಮಹಿಳೆಗೆ ಯಾರ ಬಾಗಿಲು ತಟ್ಟಬೇಕೆಂಬುದು ತಿಳಿದಿತ್ತು, ಕರ್ನಾಟಕದ ಕೂಲಿಕಾರರ ಸಂಘಟನೆಗಳು ಆ ತಿಳಿವಳಿಕೆಯ ಮೇಲೆಯೇ ತಾಲ್ಲೂಕು ಕಚೇರಿಗಳ ಮುಂದೆ ಕೂತು ಹಕ್ಕು ಪಡೆದವು. ನೆರೆಯ ಕೇರಳ ಇನ್ನೂ ಮುಂದೆ ಹೋಯಿತು. 1990ರ ದಶಕದ ನಡುವಿನಲ್ಲಿ ಅದು ಸಂಸ್ಥೆಗಳನ್ನೇ ಇಡಿಯಾಗಿ ವರ್ಗಾಯಿಸಿತು: ಪ್ರಾಥಮಿಕ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ ಭವನ ಗ್ರಾಮ ಪಂಚಾಯಿತಿಗೆ, ಸಮುದಾಯ ಆರೋಗ್ಯ ಕೇಂದ್ರ ಬ್ಲಾಕ್ ಪಂಚಾಯಿತಿಗೆ, ಪ್ರೌಢಶಾಲೆ ಮತ್ತು ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯಿತಿಗೆ. ಎಸ್.ಬಿ. ಸೆನ್ ಸಮಿತಿ ಹಂತಗಳ ನಡುವಿನ ಪಾತ್ರ ಸ್ಪಷ್ಟವಾಗಿರಬೇಕೆಂದು ಒತ್ತಿ ಹೇಳಿತು, ರಾಜ್ಯ ತನ್ನ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿ ಹಂತಗಳು ಮೂರೇ, ಆದರೆ ಆಸ್ಪತ್ರೆಯ ಛಾವಣಿ ಸೋರಿದರೆ ಅದು ಯಾರ ಆಸ್ಪತ್ರೆ ಎಂಬುದರಲ್ಲಿ ಅನುಮಾನವಿಲ್ಲ.

ಕೇರಳದ ಗ್ರಾಮ ಪಂಚಾಯಿತಿ ನಮ್ಮದಕ್ಕಿಂತ ಮೂರು ನಾಲ್ಕು ಪಟ್ಟು ದೊಡ್ಡದು, ಅದನ್ನು ಇಲ್ಲಿಗೆ ಹೋಲಿಸಬಾರದು ಎಂಬ ಆಕ್ಷೇಪ ಸರಿಯಾದದ್ದೇ. ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿರುವ ಕರ್ನಾಟಕದಲ್ಲಿ ಪ್ರತಿಯೊಂದಕ್ಕೂ ಎಂಜಿನಿಯರ್, ಲೆಕ್ಕಿಗ, ನೀರು ಪರೀಕ್ಷಿಸುವ ತಂತ್ರಜ್ಞರನ್ನು ಕೊಡಲು ಆಗುವುದಿಲ್ಲ. ಆದರೆ ಈ ಆಕ್ಷೇಪವೇ ನಮ್ಮಲ್ಲಿ ಮಧ್ಯದ ಹಂತ ಹೆಚ್ಚು ಬೇಕು ಎಂಬುದಕ್ಕೆ ಬಲವಾದ ಕಾರಣ. ಗ್ರಾಮ ಪಂಚಾಯಿತಿ ಚಿಕ್ಕದು, ಜಿಲ್ಲೆ ತೀರಾ ದೊಡ್ಡದು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 48 ಲಕ್ಷ. ಅಥಣಿಯ ಮೂಲೆಯ ಹಳ್ಳಿಯ ಶಾಲೆಯ ಕಾಂಪೌಂಡು ಬಿದ್ದದ್ದನ್ನು ಬೆಳಗಾವಿಯಲ್ಲಿ ಕೂತು ತೀರ್ಮಾನಿಸುವುದು ಯಾರಿಗೆ ಅನುಕೂಲ? ನೀರಿನ ಪ್ರಯೋಗಾಲಯ, ಹತ್ತು ಇಪ್ಪತ್ತು ಪಂಚಾಯಿತಿಗಳನ್ನು ಹಾದುಹೋಗುವ ಪೈಪುಮಾರ್ಗ, ಶಾಲಾ ಕಟ್ಟಡಗಳ ದುರಸ್ತಿ ತಂಡ, ಪಂಚಾಯಿತಿಗಳ ನಡುವಿನ ರಸ್ತೆ, ಇವೆಲ್ಲ ತಾಲ್ಲೂಕಿನ ಅಳತೆಯ ಕೆಲಸಗಳು. ಒಣ ಕಸದ ವಿಷಯದಲ್ಲಿ ಇದು ಈಗಾಗಲೇ ಕಣ್ಣಿಗೆ ಕಾಣುತ್ತಿದೆ. ಮನೆಯಿಂದ ಕಸ ಎತ್ತುವುದು ಗ್ರಾಮ ಪಂಚಾಯಿತಿಗೆ ಸಾಧ್ಯ, ಅದನ್ನು ಬೇರ್ಪಡಿಸಿ ಮರುಬಳಕೆಗೆ ಕಳಿಸುವ ಯಂತ್ರ ಒಂದೊಂದು ಪಂಚಾಯಿತಿಗೆ ಗಿಟ್ಟುವುದಿಲ್ಲ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಟ್ಟಿಗೆ ವಿಲೇವಾರಿ ಮಾಡುವ ಘಟಕ ನಡೆಯುತ್ತಿರುವುದು ಇದೇ ಕಾರಣಕ್ಕೆ. ಎತ್ತುವ ಹೊಣೆ ಕೆಳಗೆ, ಸಂಸ್ಕರಿಸುವ ಹೊಣೆ ಮೇಲೆ, ನಡುವೆ ಗೆರೆ ಸ್ಪಷ್ಟ. ಇಂಥ ಗೆರೆಯನ್ನು ಒಂದು ಜಿಲ್ಲೆಯ ಅಧಿಕಾರಿಗಳ ಉತ್ಸಾಹಕ್ಕೆ ಬಿಡದೆ ಕಾಯ್ದೆಯೇ ಎಳೆಯಬೇಕು.

ಇಂಗ್ಲೆಂಡಿನ ಅನುಭವವನ್ನು ಎತ್ತಿ, ಹಂತ ಕಡಿಮೆಯಾದಷ್ಟೂ ಒಳ್ಳೆಯದು ಎನ್ನುವವರೂ ಇದ್ದಾರೆ. ಅಲ್ಲಿ 1974ರಿಂದ ಹಲವೆಡೆ ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಹಂತಗಳಿದ್ದು, ಕಸ ಎತ್ತುವುದು ಒಂದರ ಕೆಲಸ, ವಿಲೇವಾರಿ ಇನ್ನೊಂದರದು. ಇಂಥ ಒಡಕು ದುಬಾರಿ ಎಂದು 2023ರಲ್ಲಿ ಸಾಮರ್ಸೆಟ್, ನಾರ್ತ್ ಯಾರ್ಕ್‌ಷೈರ್ ಮುಂತಾದ ಕಡೆ ಎರಡನ್ನೂ ಸೇರಿಸಿ ಒಂದೇ ಪರಿಷತ್ತು ಮಾಡಿದರು, ಉಳಿದ ಕಡೆಯೂ ಹಾಗೆ ಮಾಡುವ ಪ್ರಸ್ತಾವವನ್ನು 2024ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಮುಂದಿಟ್ಟಿತು. ಆದರೆ ಅವರು ಸೇರಿಸಿದ್ದು ಸ್ವಂತ ನೌಕರರು, ಸ್ವಂತ ತೆರಿಗೆ, ಸ್ವಂತ ಕಾನೂನುಬದ್ಧ ಹೊಣೆ ಇದ್ದ ಎರಡು ಸಂಸ್ಥೆಗಳನ್ನು. ಸೇರಿಸಿದ ಮೇಲೂ ಆ ಅಧಿಕಾರ ಚುನಾಯಿತ ಪರಿಷತ್ತಿನಲ್ಲೇ ಉಳಿಯಿತು. ನಮ್ಮಲ್ಲಿ ತಾಲ್ಲೂಕು ಪಂಚಾಯಿತಿಯನ್ನು ತೆಗೆದರೆ ಅದರ ಅಧಿಕಾರ ಕೆಳಗಿನ ಪಂಚಾಯಿತಿಗೆ ಇಳಿಯುವುದಿಲ್ಲ, ಇಲಾಖೆಗಳಿಗೂ ಶಾಸಕರ ಸಮಿತಿಗಳಿಗೂ ಹೋಗುತ್ತದೆ. 1983ರ ವ್ಯವಸ್ಥೆಯಲ್ಲಿ ತಾಲ್ಲೂಕಿನಲ್ಲಿ ಆದದ್ದು ಅದೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. 2021ರಿಂದ ಎರಡು ಹಂತಗಳಲ್ಲಿ ಚುನಾಯಿತ ಸದಸ್ಯರೇ ಇಲ್ಲದೆ ವರ್ಷಗಳು ಉರುಳಿದವು, ಶಾಲೆಗಳು ನಡೆದವು, ಸಂಬಳ ಬಟವಾಡೆಯಾಯಿತು, ಹಾಗಾದರೆ ಸದಸ್ಯರು ಯಾಕೆ ಎಂದು ಜನರೇ ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಏನೂ ನಿಲ್ಲಲಿಲ್ಲ ಎಂಬುದು ನಿಜವಾದರೆ, ತೀರ್ಮಾನಗಳು ಮೊದಲೂ ಸದಸ್ಯರ ಕೈಯಲ್ಲಿ ಇರಲಿಲ್ಲ ಎಂದೇ ಅದರ ಅರ್ಥ. ಆದರೂ ಒಂದು ನಿಂತುಹೋಯಿತು. ತಿಂಗಳುಗಳ ಅಂತರದಲ್ಲಾದರೂ ನಡೆಯುತ್ತಿದ್ದ ಸಾಮಾನ್ಯ ಸಭೆಯಲ್ಲಿ ಕೃಷಿ, ಶಿಕ್ಷಣ, ಆರೋಗ್ಯ, ಸಮಾಜ ಕಲ್ಯಾಣ ಇಲಾಖೆಗಳ ಅಧಿಕಾರಿಗಳು ಎದ್ದು ನಿಂತು ಉತ್ತರ ಕೊಡಬೇಕಿತ್ತು. ಕೇಳುವವರಲ್ಲಿ ಅರ್ಧದಷ್ಟು ಮಹಿಳೆಯರು, ದಲಿತರು, ಹಿಂದುಳಿದ ವರ್ಗದವರು, ಹಳ್ಳಿಯಿಂದಲೇ ಬಂದವರು. ಆ ಜಾಗವನ್ನು ಈಗ ತುಂಬಿರುವುದು ಉಸ್ತುವಾರಿ ಸಚಿವರ, ಶಾಸಕರ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆಡಿಪಿ) ಪರಿಶೀಲನಾ ಸಭೆ. ಅಲ್ಲಿ ಕೇಳುವವರು ಒಬ್ಬಿಬ್ಬರು, ಅವರಿಗೆ ರಾಜ್ಯದ ರಾಜಕಾರಣದ ನೂರು ಚಿಂತೆಗಳಿವೆ. ಶಾಸಕರಿಗೆ ಕಾನೂನು ಮಾಡುವ ಹೊಣೆಯಿದೆ, ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಿದೆ, ಜೊತೆಗೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ ಸದಸ್ಯತ್ವವೂ ಇದೆ. ಚರಂಡಿ, ಬೋರ್‌ವೆಲ್ ಆಯ್ಕೆಯೂ ಅವರದೇ ಆದರೆ ಪಂಚಾಯಿತಿ ಯಾವ ಕೆಲಸಕ್ಕೆ ಉಳಿಯುತ್ತದೆ?

ಭ್ರಷ್ಟಾಚಾರದ ಮಾತೂ ಬರುತ್ತದೆ. ಮೂರು ಹಂತಕ್ಕೆ ಹಣ ಕೊಟ್ಟರೆ ಮೂರು ಕಡೆ ಸೋರಿಕೆ ಎನ್ನುತ್ತಾರೆ. ಸೋರಿಕೆ ಇದೆ, ಅದನ್ನು ಅಲ್ಲಗಳೆಯುವುದು ಪಂಚಾಯಿತಿ ವ್ಯವಸ್ಥೆಗೆ ಮಾಡುವ ಉಪಕಾರವಲ್ಲ. ಆದರೆ ಒಂದೇ ರಸ್ತೆಗೆ ಗ್ರಾಮ ಪಂಚಾಯಿತಿಯೂ, ತಾಲ್ಲೂಕು ಪಂಚಾಯಿತಿಯೂ, ಶಾಸಕರ ನಿಧಿಯೂ ಹಣ ಹಾಕಬಹುದಾದ ವ್ಯವಸ್ಥೆಯಲ್ಲಿ ಒಂದೇ ಕೆಲಸಕ್ಕೆ ಎರಡು ಬಿಲ್ ಆಗುವುದು ಸುಲಭ, ಹಿಡಿಯುವುದು ಕಷ್ಟ. ಇಂಥ ರಸ್ತೆ ಇಂಥ ಹಂತದ್ದು ಎಂದು ವಹಿಯಲ್ಲಿ ಬರೆದಿದ್ದರೆ ಲೆಕ್ಕಪರಿಶೋಧಕರಿಗೂ ಗ್ರಾಮಸಭೆಗೂ ಕಣ್ಣಿಡಲು ಒಂದೇ ಕಡೆ ಸಾಕು. ಬರ, ನೆರೆಯಂಥ ಹೊತ್ತಿನಲ್ಲಿ ಗೆರೆಗಳು ಅಡ್ಡಿಯಾಗಬಹುದು ಎಂಬ ಭಯಕ್ಕೂ ಉತ್ತರವಿದೆ: 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಡಳಿತಕ್ಕೆ ಅಗತ್ಯ ಅಧಿಕಾರವನ್ನು ಕೊಟ್ಟಿದೆ. ಆಪತ್ತಿನ ನಿಯಮವನ್ನು ನಿತ್ಯದ ಆಡಳಿತದ ನಿಯಮ ಮಾಡಿಕೊಳ್ಳಬೇಕಿಲ್ಲ.

ಮಾಡಬೇಕಾದ್ದು ಅಸಾಧ್ಯವಾದದ್ದಲ್ಲ. ಮೂರು ಅನುಸೂಚಿಗಳನ್ನು ಪಕ್ಕಕ್ಕಿಟ್ಟು, ವಿಷಯಗಳ ಬದಲು ಆಸ್ತಿ ಮತ್ತು ಸೇವೆಗಳ ಹೆಸರಿನಲ್ಲಿ ಹೊಸ ಅನುಸೂಚಿ ಬರೆಯಬೇಕು: ಯಾವ ಶಾಲೆ, ಯಾವ ಆರೋಗ್ಯ ಕೇಂದ್ರ, ಯಾವ ವರ್ಗದ ರಸ್ತೆ, ಯಾವ ನೀರಿನ ಮೂಲ ಯಾವ ಹಂತದ್ದು ಎಂದು. ಆ ಹಂತಕ್ಕೆ ಸಂಬಂಧಪಟ್ಟ ನೌಕರರ ಮೇಲೆ ಕನಿಷ್ಠ ರಜೆ, ಕಾರ್ಯಮೌಲ್ಯಮಾಪನ, ಶಿಸ್ತಿನ ಮೊದಲ ಅಧಿಕಾರ ಇರಬೇಕು, ನೇಮಕಾತಿ ರಾಜ್ಯದಲ್ಲೇ ಉಳಿದರೂ ಸರಿ. ತಾಲ್ಲೂಕಿನ ಎಂಜಿನಿಯರ್‌ಗಳು ತಾಲ್ಲೂಕು ಪಂಚಾಯಿತಿಯ ನೌಕರರಾಗಿ, ಗ್ರಾಮ ಪಂಚಾಯಿತಿ ಕೇಳಿದ ಅಂದಾಜುಪಟ್ಟಿಯನ್ನು ಗೊತ್ತಾದ ದಿನಗಳೊಳಗೆ ಕೊಡಲು ಬದ್ಧರಾಗಬೇಕು. ರಾಜ್ಯ ಹಣಕಾಸು ಆಯೋಗ ಪ್ರತಿ ಹಂತದ ಪಾಲನ್ನು ಈ ಹೊಣೆಗಳ ವೆಚ್ಚಕ್ಕೆ ಹೊಂದಿಸಿ ಲೆಕ್ಕ ಹಾಕಬೇಕು, ಸಂಬಳದ ಹಣವನ್ನು ಆ ಲೆಕ್ಕದಿಂದ ಹೊರಗಿಟ್ಟು. 2014ರಲ್ಲಿ ರಮೇಶ್‌ಕುಮಾರ್ ಸಮಿತಿ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಡುವ ಬಗ್ಗೆ ವಿಸ್ತಾರವಾಗಿ ಬರೆದಿತ್ತು. ಅದರ ಬೆನ್ನಿಗೇ ಬಂದ ತಿದ್ದುಪಡಿ ಕಾಯ್ದೆಯ ಹೆಸರಿಗೆ ಗ್ರಾಮ ಸ್ವರಾಜ್ ಎಂಬ ಪದ ಸೇರಿಸಿತು, ವಾರ್ಡ್‌ಸಭೆ ಮತ್ತು ಗ್ರಾಮಸಭೆಗಳನ್ನು ಬಲಪಡಿಸಿತು, ಹಂತಗಳ ನಡುವಿನ ಹಂಚಿಕೆಯ ಗಂಟನ್ನು ಮಾತ್ರ ಬಿಚ್ಚದೆ ಉಳಿಸಿತು. ಈ ಗಂಟು ಬಿಚ್ಚಲು ದೆಹಲಿಯ ಅನುಮತಿ ಬೇಕಿಲ್ಲ, ಸಂವಿಧಾನ ತಿದ್ದಬೇಕಿಲ್ಲ. 243ಜಿ ವಿಧಿ ಆ ಅಧಿಕಾರವನ್ನು ಬೆಂಗಳೂರಿನ ವಿಧಾನಮಂಡಲಕ್ಕೇ ಕೊಟ್ಟಿದೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಮುಂದಿನ ಸದಸ್ಯರು ಪ್ರಮಾಣವಚನ ಸ್ವೀಕರಿಸುವ ಮೊದಲೇ ಈ ತಿದ್ದುಪಡಿ ಅಂಗೀಕಾರವಾಗಬೇಕು, ಮತ ಕೇಳಲು ಬರುವ ಅಭ್ಯರ್ಥಿಗೂ ಮತ ಹಾಕುವ ಜನರಿಗೂ ಆ ಕುರ್ಚಿಯ ಕೆಲಸ ಏನೆಂದು ಪ್ರಚಾರದ ಹೊತ್ತಿನಲ್ಲೇ ತಿಳಿದಿರುವಂತೆ.